ಆಂಟೆನಾ ಕಂಬ ನೆಡುವ ಮುಂಚೆ

ವೈರ್‌ಲೆಸ್ ಅನ್ನೋ ಪದ ಸ್ವಲ್ಪ ದಾರಿ ತಪ್ಪಿಸುತ್ತೆ ನೋಡಿ. ತಂತಿ ಇಲ್ಲ ಅಂದಕೂಡಲೇ ನೆಲದ ಹಂಗೂ ಇಲ್ಲ ಅಂದುಕೊಂಡುಬಿಡ್ತೀವಿ. ನಿಜ ಹೇಳಬೇಕಂದ್ರೆ ಕೇಬಲ್ ಎಳೆಯೋರಿಗಿಂತ ಹೆಚ್ಚು ನೆಲ ನೋಡಬೇಕಾದವರು ವೈರ್‌ಲೆಸ್ ಮಂದಿಯೇ. ಕೇಬಲ್ಲು ಮರ ಅಡ್ಡ ಬಂದರೆ ಬಳಸಿಕೊಂಡು ಹೋಗುತ್ತೆ, ಮನೆ ಅಡ್ಡ ಬಂದರೆ ಹಿತ್ತಿಲಿಂದ ತಿರುಗುತ್ತೆ. ಒಂದು ಊರಿನ ಮಾಡಿನಿಂದ ಇನ್ನೊಂದು ಊರಿನ ಮಾಡಿಗೆ ಹೊರಟ ವೈ-ಫೈ ಕಿರಣಕ್ಕೆ ಆ ತಾಳ್ಮೆ ಇಲ್ಲ. ಅದಕ್ಕೆ ನೇರ ದಾರಿಯೇ ಬೇಕು.

ಹೊರಾಂಗಣದಲ್ಲಿ ಆಂಟೆನಾ ಕೂರಿಸುವ ಮುಂಚೆ ಜಾಗ ಸಿದ್ಧ ಮಾಡೋದು ಹೇಗೆ ಅಂತ ಹೇಳುವ ಕೈಪಿಡಿಗಳು ಬೇಕಾದಷ್ಟಿವೆ. ಎದುರಿನ ಕಂಬ ಕಾಣುತ್ತಾ ನೋಡು, ಮರಗಳ ಎತ್ತರ ಅಳೆ, ಅಡಿಪಾಯ ಹಾಕು, ತಂತಿ ಬಿಗಿ, ಅರ್ಥಿಂಗ್ ಮಾಡು, ಮಾಲೀಕರ ಒಪ್ಪಿಗೆ ತಗೋ... ಒಣ ಪಟ್ಟಿ. ನಾನು ಕೋಡ್ ಬರೆದು ಹೊಟ್ಟೆ ಹೊರೆಯೋನು. ನಮ್ಮಲ್ಲಿ ಇವತ್ತು ಕೆಟ್ಟದ್ದನ್ನು ನಾಳೆ ಪ್ಯಾಚ್ ಹಾಕಿ ಸರಿಮಾಡಬಹುದು, ಕಾಂಕ್ರೀಟಿನಲ್ಲಿ ನೆಟ್ಟ ಕಂಬಕ್ಕೆ ಆ ಸೌಲಭ್ಯ ಇಲ್ಲ. ಹಾಗಾಗಿ ಈ ಪಟ್ಟಿಯ ಒಂದೊಂದು ಸಾಲೂ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದೆ. ಹುಡುಕಾಟ ನನ್ನನ್ನು ರೇಡಿಯೋ ಹುಟ್ಟುವುದಕ್ಕೂ ನೂರು ವರ್ಷ ಹಿಂದಕ್ಕೆ, ಅದೂ ನಮ್ಮ ಬೆಂಗಳೂರಿಗೇ ಕರಕೊಂಡು ಹೋಯ್ತು!

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಆ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಅನ್ನೋ ಅಧಿಕಾರಿ ಮರುವರ್ಷ, 1800ರಲ್ಲಿ, ಬಾಣಸವಾಡಿಗೂ ಅಗರಕ್ಕೂ ನಡುವೆ ಸುಮಾರು 7.4 ಮೈಲಿ ಉದ್ದದ ಒಂದು ನೇರ ಗೆರೆಯನ್ನು ಉಕ್ಕಿನ ಸರಪಳಿ ಹಿಡಿದು ಅಳೆದ. ಅದು ಅಭ್ಯಾಸದ ಅಳತೆ. 1802ರ ಏಪ್ರಿಲ್‌ನಲ್ಲಿ ಮದರಾಸಿನಲ್ಲಿ ಇಂಥದ್ದೇ ಇನ್ನೊಂದು ಗೆರೆ ಅಳೆಯುವುದರೊಂದಿಗೆ ಗ್ರೇಟ್ ಟ್ರಿಗೊನಾಮೆಟ್ರಿಕಲ್ ಸರ್ವೆ ಅಧಿಕೃತವಾಗಿ ಶುರುವಾಯ್ತು. ವಿಧಾನ ನಾವು ಹೈಸ್ಕೂಲಿನಲ್ಲಿ ಕಲಿತದ್ದೇ: ತ್ರಿಭುಜದ ಒಂದು ಬಾಹು, ಎರಡು ಕೋನ ಗೊತ್ತಿದ್ದರೆ ಉಳಿದದ್ದೆಲ್ಲ ಲೆಕ್ಕದಲ್ಲಿ ಸಿಗುತ್ತೆ. ಒಂದು ತ್ರಿಭುಜದ ಬೆನ್ನ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು, ಹೀಗೆ ಇಡೀ ದೇಶ.

ಇದಕ್ಕೂ ಆಂಟೆನಾಕ್ಕೂ ಏನು ಸಂಬಂಧ ಅಂತೀರಾ? ಕೋನ ಅಳೆಯಬೇಕಾದರೆ ಒಂದು ಮೂಲೆಯಿಂದ ಇನ್ನೊಂದು ಮೂಲೆ ಕಾಣಬೇಕು. ಹತ್ತಾರು ಮೈಲಿ ದೂರ ಇರೋ ಎರಡು ಬಿಂದುಗಳ ನಡುವೆ ಅಡೆತಡೆ ಇಲ್ಲದ ದೃಷ್ಟಿರೇಖೆ ಹುಡುಕೋದು, ಇಲ್ಲದಿದ್ದರೆ ಹುಟ್ಟಿಸೋದು - ಇದನ್ನು ಈ ದೇಶದಲ್ಲಿ ದೊಡ್ಡ ಪ್ರಮಾಣದಲ್ಲಿ ಮೊದಲು ಮಾಡಿದವರಲ್ಲಿ ಇವರು ಪ್ರಮುಖರು. ವೈ-ಫೈ ಕೊಂಡಿ ಹಾಕುವವನ ಮೊದಲ ಕೆಲಸವೂ ಇದೇ ತಾನೇ?

ನಮ್ಮ ಕಡೆ ಆ ಕೆಲಸ ಸಲೀಸು. ನಂದಿಬೆಟ್ಟ, ಶಿವಗಂಗೆ, ಸಾವನದುರ್ಗ - ಪ್ರಕೃತಿಯೇ ಟವರ್ ಕಟ್ಟಿ ಇಟ್ಟಿದೆ. ತಮಿಳುನಾಡಿನ ಕಾವೇರಿ ಬಯಲಿಗೆ ಇಳಿದಾಗ ಲ್ಯಾಂಬ್ಟನ್‌ಗೆ ಬೆಟ್ಟ ಸಿಗಲಿಲ್ಲ, ಗೋಪುರಗಳು ಸಿಕ್ಕವು. ದೇವಸ್ಥಾನಗಳ ತುದಿಯನ್ನೇ ಅಳತೆಯ ಠಾಣೆ ಮಾಡಿಕೊಂಡ. 1808ರಲ್ಲಿ ತಂಜಾವೂರಿನ ದೊಡ್ಡ ದೇವಸ್ಥಾನದ ಮೇಲಕ್ಕೆ ಸುಮಾರು ಅರ್ಧ ಟನ್ ತೂಕದ ಥಿಯೋಡೊಲೈಟ್ ಯಂತ್ರವನ್ನು ಹಗ್ಗ ಕಟ್ಟಿ ಎತ್ತುವಾಗ ಹಗ್ಗ ತುಂಡಾಗಿ ಯಂತ್ರ ಗೋಡೆಗೆ ಅಪ್ಪಳಿಸಿತು. ಇಂಗ್ಲೆಂಡಿನಿಂದ ಬಂದ ಯಂತ್ರದ ಚಕ್ರ ಸೊಟ್ಟಗಾಯ್ತು. ಲ್ಯಾಂಬ್ಟನ್ ವಾರಗಟ್ಟಲೆ ಕೂತು ತಾನೇ ಅದನ್ನು ಬಡಿದು ತಿದ್ದಿ ನೆಟ್ಟಗೆ ಮಾಡಿದ. ಆಂಟೆನಾ ಬಿಗಿಯೋ ಕೆಲಸದಲ್ಲಿ "ಮೇಲಕ್ಕೆ ಎತ್ತುವ ಹಗ್ಗ, ರಾಟೆ ಮೊದಲೇ ಪರೀಕ್ಷೆ ಮಾಡು" ಅನ್ನೋ ಸಾಲಿಗೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

1823ರಲ್ಲಿ ಲ್ಯಾಂಬ್ಟನ್ ತೀರಿಕೊಂಡ ಮೇಲೆ ಹೊಣೆ ಜಾರ್ಜ್ ಎವರೆಸ್ಟ್ ಹೆಗಲಿಗೆ ಬಿತ್ತು. ಹೌದು, ಶಿಖರಕ್ಕೆ ಹೆಸರಾದ ಅದೇ ಎವರೆಸ್ಟ್. 1830ರ ದಶಕದಲ್ಲಿ ಈತ ಗಂಗಾ-ಯಮುನಾ ನದಿಗಳ ನಡುವಿನ ಬಯಲಿಗೆ ಬಂದಾಗ ಬೆಟ್ಟವೂ ಇಲ್ಲ, ದಕ್ಷಿಣದಂಥ ಗೋಪುರವೂ ಇಲ್ಲ. ಚಪ್ಪಟೆ ನೆಲ, ಮಾವಿನ ತೋಪುಗಳು, ಒತ್ತೊತ್ತಾಗಿ ಹಳ್ಳಿಗಳು, ಮೇಲೆ ಧೂಳು ಮತ್ತು ಹೊಗೆ. ಒಂದು ಠಾಣೆಯಿಂದ ಇನ್ನೊಂದು ಕಾಣೋದೇ ಇಲ್ಲ.

ಎವರೆಸ್ಟ್ ಮೂರು ಕೆಲಸ ಮಾಡಿದ. ಮೊದಲನೆಯದು, ಅಡ್ಡ ಬಂದದ್ದನ್ನು ತೆಗೆಸಿದ. ಮರ ಕಡಿಸಿದ, ಕೆಲವು ಕಡೆ ಮನೆಗಳನ್ನೂ ಕೆಡವಿಸಿದ. ಎರಡನೆಯದು, ರಾತ್ರಿ ಕೆಲಸ. ಬಿಸಿಲು ಇಳಿದು ನೆಲದ ಹತ್ತಿರದ ಗಾಳಿ ತಣ್ಣಗಾದ ಮೇಲೆ ಬೆಳಕಿನ ಕಿರಣ ಸ್ವಲ್ಪ ಕೆಳಕ್ಕೆ ಬಾಗುತ್ತೆ, ಹಗಲಲ್ಲಿ ದಿಗಂತದ ಕೆಳಗೆ ಮರೆಯಾಗಿದ್ದದ್ದು ರಾತ್ರಿ ಮೇಲೆದ್ದು ಬಂದ ಹಾಗೆ ಕಾಣುತ್ತೆ. ಅದಕ್ಕೇ ದೂರದ ಠಾಣೆಗಳಲ್ಲಿ ದೀಪ ಉರಿಸಿ ರಾತ್ರಿ ಕೋನ ಅಳೆಸಿದ. ಮೂರನೆಯದು, ಸುಮಾರು ಐವತ್ತು-ಅರವತ್ತು ಅಡಿ ಎತ್ತರದ ಗೋಪುರಗಳನ್ನು ಕಟ್ಟಿಸಿದ. ಯಂತ್ರ ಕೂರುವ ಕಂಬ ಬೇರೆ, ಮನುಷ್ಯ ನಿಲ್ಲುವ ಅಟ್ಟ ಬೇರೆ. ಅಟ್ಟದ ಮೇಲೆ ಯಾರು ನಡೆದಾಡಿದರೂ ಯಂತ್ರ ಅಲುಗಬಾರದಲ್ಲ! ಗಾಳಿಗೆ ತೂಗಾಡುವ ಕಂಬಕ್ಕೆ ಡಿಶ್ ಬಿಗಿದು "ಸಿಗ್ನಲ್ ಬರುತ್ತೆ, ಹೋಗುತ್ತೆ" ಅಂತ ಒದ್ದಾಡುವವರು ನೆನಪಿಡಬೇಕಾದ ಮಾತು ಇದು.

ಈ ಮೂರರಲ್ಲಿ ನನ್ನನ್ನು ಕಾಡಿದ್ದು ಮೊದಲನೆಯದು. ನಕ್ಷೆಯ ಮೇಲೆ ದೃಷ್ಟಿರೇಖೆ ಒಂದು ತೆಳು ಗೀಟು. ನೆಲದ ಮೇಲೆ ಅದು ಯಾರದೋ ಅಜ್ಜ ನೆಟ್ಟ ಮಾವಿನ ಮರ, ಯಾರದೋ ಮನೆಯ ಸೂರು. ಪರಿಹಾರ ಕೊಟ್ಟರೂ "ಬೇಡ" ಅನ್ನುವ ಹಕ್ಕು ಆ ಊರಿನವನಿಗೆ ಇರಲಿಲ್ಲ. ಆ ಗೀಟಿನಿಂದ ಅವನಿಗೆ ಸಿಕ್ಕ ಲಾಭವೂ ಏನಿಲ್ಲ. ನಕ್ಷೆ ಬೇಕಾಗಿದ್ದದ್ದು ಕಂಪನಿ ಸರ್ಕಾರಕ್ಕೆ, ಮರ ಕಳಕೊಂಡದ್ದು ಅವನು. ದೃಷ್ಟಿರೇಖೆ ಪುಕ್ಕಟೆ ಸಿಗೋದಿಲ್ಲ, ಅದಕ್ಕೆ ಯಾರಾದರೂ ಬೆಲೆ ಕೊಡಲೇಬೇಕು. ಯಾರು ಕೊಡಬೇಕು ಅನ್ನೋದೇ ಮುಂದಿನ ಎಲ್ಲ ಕಥೆಗಳ ಒಳಗಿರುವ ಪ್ರಶ್ನೆ ಅಂತ ನನಗನ್ನಿಸುತ್ತೆ.

ಇರಲಿ, ಈಗ ರೇಡಿಯೋ ಕಾಲಕ್ಕೆ ಬರೋಣ. ಮಾರ್ಕೋನಿ ಅಟ್ಲಾಂಟಿಕ್ ಸಾಗರದಾಚೆಗೆ ಸಂಕೇತ ಕಳಿಸಲು ಇಂಗ್ಲೆಂಡಿನ ಕಾರ್ನ್‌ವಾಲ್ ಕರಾವಳಿಯ ಪೋಲ್ದೂ ಅನ್ನೋ ಜಾಗ ಆರಿಸಿಕೊಂಡ. ಸುಮಾರು 200 ಅಡಿ ಎತ್ತರದ 20 ಕಂಬಗಳನ್ನು ವೃತ್ತಾಕಾರದಲ್ಲಿ ನಿಲ್ಲಿಸಿ, ಅವುಗಳ ತುದಿಯಿಂದ ತಂತಿಗಳನ್ನು ಇಳಿಬಿಡೋದು ಯೋಜನೆ. ತಪ್ಪು ಎಲ್ಲಾಯ್ತು ಗೊತ್ತಾ? ಕಂಬಗಳ ತಲೆಗಳನ್ನು ಒಂದಕ್ಕೊಂದು ಕಟ್ಟಿದ್ದರು. ಪ್ರತಿ ಕಂಬವೂ ತನ್ನ ಕಾಲ ಮೇಲೆ ತಾನು ಎಲ್ಲ ದಿಕ್ಕಿನ ಗಾಳಿಯನ್ನೂ ತಡೆಯೋ ಹಾಗೆ ಬಿಗಿದಿರಲಿಲ್ಲ. 1901ರ ಸೆಪ್ಟೆಂಬರ್ 17ರ ಬಿರುಗಾಳಿಗೆ ಎಲ್ಲವೂ ಒಟ್ಟಿಗೇ ಕುಸಿದವು. ಅಮೆರಿಕದ ಕೇಪ್ ಕಾಡ್‌ನಲ್ಲಿ ಇದೇ ನಮೂನೆಯಲ್ಲಿ ಕಟ್ಟಿದ್ದ ಕಂಬಗಳೂ ಅದೇ ನವೆಂಬರ್‌ನಲ್ಲಿ ಬಿದ್ದವು. ಈ ವಿನ್ಯಾಸ ಸರಿಯಿಲ್ಲ ಅಂತ ಅಲ್ಲಿದ್ದ ಎಂಜಿನಿಯರ್ ರಿಚರ್ಡ್ ವಿವ್ಯನ್ ಮೊದಲೇ ಆಕ್ಷೇಪ ಎತ್ತಿದ್ದ. ಸೈಟಿನಲ್ಲಿ ನಿಂತವನ ಮಾತು ಡ್ರಾಯಿಂಗ್ ಬೋರ್ಡಿಗೆ ಕೇಳಿಸದೇ ಇರೋದು ಹೊಸ ಕಾಯಿಲೆ ಏನಲ್ಲ ಬಿಡಿ :-)

ಮಾರ್ಕೋನಿ ಪೋಲ್ದೂನಲ್ಲಿ ಎರಡು ಕಂಬ ಮಾತ್ರ ನಿಲ್ಲಿಸಿ ನಡುವೆ ಬೀಸಣಿಗೆಯ ಹಾಗೆ ತಂತಿ ಕಟ್ಟಿದ. ಕೆನಡಾದ ತೀರದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ, ಸಿಗ್ನಲ್ ಹಿಲ್ ಮೇಲೆ, ಗಾಳಿಪಟಕ್ಕೆ ತಂತಿ ಕಟ್ಟಿ ಹಾರಿಸಿ 1901ರ ಡಿಸೆಂಬರ್ 12ರಂದು ಸಂಕೇತ ಕೇಳಿಸಿತು ಅಂತ ಪ್ರಕಟಿಸಿದ. ಅವನು ಬಳಸಿದ ಉದ್ದ ಅಲೆಗಳು ಭೂಮಿಯ ಬಾಗಿಗೆ ಹೊಂದಿಕೊಂಡು ಹೋಗಬಲ್ಲವು, ದೃಷ್ಟಿರೇಖೆ ಬೇಡ. ಆದರೆ ಆಂಟೆನಾ ಮಾತ್ರ ರಾಕ್ಷಸ ಗಾತ್ರದ್ದು. ವೈ-ಫೈಯದ್ದು ತಿರುವುಮುರುವು. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಬರೀ 12.5 ಸೆಂಟಿಮೀಟರ್. ಆಂಟೆನಾ ಪುಟ್ಟದು, ಕೈಯಲ್ಲೇ ಎತ್ತಿಕೊಂಡು ಹೋಗಬಹುದು. ಆದರೆ ಅದನ್ನು ಇಡಬೇಕಾದ ಎತ್ತರ ಇದೆಯಲ್ಲ, ಅದು ರಾಕ್ಷಸ.

ಎಷ್ಟು ಎತ್ತರ? ಒಂದು ಸಣ್ಣ ಲೆಕ್ಕ ಮಾಡೋಣ, ಗಾಬರಿ ಬೇಡ. ಸಮತಟ್ಟು ಬಯಲಲ್ಲಿ 20 ಕಿ.ಮೀ. ದೂರದ ಎರಡು ಹಳ್ಳಿ ಅಂದುಕೊಳ್ಳಿ. ಭೂಮಿ ದುಂಡಗಿರೋದರಿಂದ ನಡುದಾರಿಯಲ್ಲಿ ನೆಲ ಸುಮಾರು 6 ಮೀಟರ್ ಉಬ್ಬಿರುತ್ತೆ. (ಗಾಳಿಯಲ್ಲಿ ರೇಡಿಯೋ ಅಲೆ ಕೊಂಚ ಬಾಗುವುದನ್ನೂ ಸೇರಿಸಿ ಹೇಳಿದ್ದು. ಎವರೆಸ್ಟ್‌ಗೆ ರಾತ್ರಿ ನೆರವಾದದ್ದೂ ಇಂಥದ್ದೇ ಬಾಗುವಿಕೆ.) ಮರಗಳು 12 ಮೀಟರ್ ಎತ್ತರ ಇವೆ ಅನ್ನಿ. ಇಲ್ಲಿಗೆ 18 ಆಯ್ತು. ಮುಗೀತಾ? ಇಲ್ಲ. ರೇಡಿಯೋ ಅಲೆ ನೂಲಿನ ಎಳೆಯ ಹಾಗೆ ಹೋಗೋದಿಲ್ಲ, ನಡುವೆ ಉಬ್ಬಿದ ಸೌತೆಕಾಯಿಯ ಆಕಾರದ ಜಾಗ ಬೇಡುತ್ತೆ. ರೇಡಿಯೋ ಹುಟ್ಟುವ ಮುಂಚೆಯೇ, 1827ರಲ್ಲೇ, ತೀರಿಕೊಂಡ ಫ್ರೆಂಚ್ ವಿಜ್ಞಾನಿ ಫ್ರೆನೆಲ್ ಹೆಸರಲ್ಲಿ ಅದನ್ನು ಫ್ರೆನೆಲ್ ವಲಯ ಅಂತಾರೆ. 20 ಕಿ.ಮೀ. ಕೊಂಡಿಗೆ ಅದರ ತ್ರಿಜ್ಯ ನಡುಮಧ್ಯದಲ್ಲಿ 25 ಮೀಟರ್. ಅದರಲ್ಲಿ ಶೇಕಡಾ 60ರಷ್ಟಾದರೂ, ಅಂದರೆ 15 ಮೀಟರ್, ಖಾಲಿ ಇರಬೇಕು. ಒಟ್ಟು 33 ಮೀಟರ್ ಎತ್ತರದ ಕಂಬ, ಎರಡೂ ತುದಿಯಲ್ಲಿ. ಹತ್ತು ಮಹಡಿ ಕಟ್ಟಡದಷ್ಟು! ದೂರವನ್ನು 10 ಕಿ.ಮೀ.ಗೆ ಇಳಿಸಿದರೆ ಸುಮಾರು 24 ಮೀಟರ್ ಸಾಕು, ಆದರೆ ನಡುವೆ ಇನ್ನೊಂದು ಕಂಬ ಬೇಕು. ಕಣ್ಣಿಗೆ ಎದುರಿನ ಕಂಬ ಕಂಡರೆ ಸಾಲದು ಅನ್ನೋದು ಇದಕ್ಕೇ. ಎವರೆಸ್ಟ್‌ಗೆ ಕಂಡರೆ ಸಾಕಿತ್ತು, ನಮಗೆ ಕಾಣೋದರ ಸುತ್ತಲೂ ಜಾಗ ಬೇಕು.

ಈ ಲೆಕ್ಕವನ್ನು ಅದೇ ಗಂಗಾ ಬಯಲಲ್ಲಿ ಮತ್ತೆ ಎದುರಿಸಿದವರು ಐಐಟಿ ಕಾನ್ಪುರದವರು. 2000ದ ದಶಕದ ಮೊದಲಲ್ಲಿ ಅಲ್ಲಿ 'ಡಿಜಿಟಲ್ ಗ್ಯಾಂಜೆಟಿಕ್ ಪ್ಲೇನ್ಸ್' ಅನ್ನೋ ಯೋಜನೆ ನಡೀತು. ಆಫೀಸಿನೊಳಗೆ ನೂರು ಅಡಿ ದೂರಕ್ಕೆ ಅಂತ ಮಾಡಿದ ಅಗ್ಗದ ವೈ-ಫೈ ಕಾರ್ಡುಗಳಿಗೆ ಗ್ರಿಡ್ ಆಂಟೆನಾ ಜೋಡಿಸಿ ಹಳ್ಳಿಯಿಂದ ಹಳ್ಳಿಗೆ ಕಿಲೋಮೀಟರುಗಟ್ಟಲೆ ದೂರದ ಕೊಂಡಿ ಹಾಕಿದರು. ಭಾಸ್ಕರನ್ ರಾಮನ್, ಕಾಮೇಶ್ವರಿ ಚೆಬ್ರೋಲು ಮೊದಲಾದವರು ದೂರದ ಕೊಂಡಿಗೆ ತಕ್ಕಂತೆ ವೈ-ಫೈ ನಿಯಮಾವಳಿಯನ್ನೇ ಬದಲಿಸಿ 2005ರಲ್ಲಿ ಪ್ರಬಂಧ ಪ್ರಕಟಿಸಿದರು. ಸಾಫ್ಟ್‌ವೇರಿನವನಾಗಿ ನಾನು ಮೊದಲು ಓದಿದ್ದು ಆ ಭಾಗವನ್ನೇ. ಆದರೆ ಅವರ ಬರಹಗಳಲ್ಲಿ ಮನಸ್ಸಿಗೆ ನಾಟಿದ್ದು ಬೇರೆ: ರೇಡಿಯೋ ಸಾಮಾನು ಸಾವಿರಗಳ ಲೆಕ್ಕ, ಟವರ್ ಲಕ್ಷಗಳ ಲೆಕ್ಕ. ಇಡೀ ಜಾಲದ ಖರ್ಚನ್ನು ನಿರ್ಧರಿಸೋದು ಕಂಬದ ಎತ್ತರ. ಯಾವ ಹಳ್ಳಿಗೆ ಎತ್ತರದ ಟವರ್, ಯಾವುದಕ್ಕೆ ಮಾಡಿನ ಮೇಲಿನ ಪೈಪು ಸಾಕು ಅಂತ ಕಂಡುಹಿಡಿಯೋದನ್ನೇ ಗಣಿತದ ಸಮಸ್ಯೆಯಾಗಿ ಬರೆದು 2007ರಲ್ಲಿ ಇನ್ನೊಂದು ಪ್ರಬಂಧ ಬಂತು.

ಎವರೆಸ್ಟ್ ಕಾಲದ ಪ್ರಶ್ನೆಗೆ ಇಲ್ಲಿ ಉತ್ತರ ಬದಲಾಗಿದೆ ನೋಡಿ. ಅಡ್ಡ ಬಂದ ತೋಪು ಕಡಿಯುವ ಮಾತೇ ಇಲ್ಲ. ಮರದ ಮೇಲಕ್ಕೆ ಕಂಬ ಏರಬೇಕು, ಆ ಖರ್ಚು ಯೋಜನೆಯದ್ದು. ಮರ ಉಳೀತು. ಆದರೆ ಖರ್ಚು ಹೆಚ್ಚಾದ ಹಳ್ಳಿ ಪಟ್ಟಿಯಿಂದ ಕೆಳಗಿಳಿಯೋ ಅಪಾಯವೂ ಅಲ್ಲೇ ಹುಟ್ಟಿತು. ತಗ್ಗಿನಲ್ಲಿರುವ, ದಟ್ಟ ಮರಗಳ ನಡುವಿನ ಊರಿಗೆ ಸಿಗ್ನಲ್ ಕೊನೆಗೆ ಬರೋದು ಯಾಕೆ ಅಂತ ಮಲೆನಾಡಿನವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅಂದ ಹಾಗೆ, ಜಾಗ ಸಿದ್ಧ ಮಾಡೋದರಲ್ಲಿ ಕಾಗದದ ಕೆಲಸವೂ ಸೇರಿದೆ. ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸ್ ವೈ-ಫೈಯನ್ನು ಹೊರಾಂಗಣದಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದು ಅಂತ ಆದದ್ದು 2005ರ ಜನವರಿಯಲ್ಲಿ. ಅದಾದ ಕೂಡಲೇ ಹಿಮಾಚಲದ ಧರ್ಮಶಾಲಾದಲ್ಲಿ ಊರಿನವರ ವೈರ್‌ಲೆಸ್ ಜಾಲ ಶುರುವಾಯ್ತು. ಅಲ್ಲಿ ಬೆಟ್ಟ ಇದೆ, ದೃಷ್ಟಿರೇಖೆಗೆ ಅಷ್ಟು ಕಷ್ಟ ಇಲ್ಲ. ಕಷ್ಟ ಇದ್ದದ್ದು ಕೋತಿಗಳದ್ದು! ಆಂಟೆನಾ ಹಿಡಿದು ಜೋತಾಡೋದು, ಕೇಬಲ್ ಕಚ್ಚೋದು. ಹಾಗಾಗಿ ಕಂಬ, ಕ್ಲಾಂಪು ಎಲ್ಲವೂ ಕೋತಿಯ ಭಾರ ತಡೆಯೋ ಹಾಗಿರಬೇಕಾಯ್ತು. ಇದೂ ಹಳೇ ಕಥೆಯೇ. 1850ರ ದಶಕದಲ್ಲಿ ಭಾರತದಲ್ಲಿ ಟೆಲಿಗ್ರಾಫ್ ಲೈನ್ ಎಳೆಸಿದ ಓಷಾನೆಸಿ, ಯುರೋಪಿನ ತೆಳು ತಂತಿ ಇಲ್ಲಿನ ಕೋತಿ, ಹದ್ದುಗಳ ಮುಂದೆ ಬಾಳೋದಿಲ್ಲ ಅಂತ ದಪ್ಪ ಕಬ್ಬಿಣದ ಸರಳನ್ನೇ ಬಳಸಿದ್ದ. ಕೈಪಿಡಿ ಯಾವ ದೇಶದಲ್ಲಿ ಬರೆದದ್ದೋ, ಕಂಬ ನಿಲ್ಲೋದು ಈ ನೆಲದಲ್ಲಿ.

ಬೆಲೆ ಯಾರು ಕೊಡಬೇಕು ಅನ್ನೋ ಪ್ರಶ್ನೆಗೆ ನನಗೆ ಅತ್ಯಂತ ಇಷ್ಟವಾದ ಉತ್ತರ ಇರೋದು ನೇಪಾಳದಲ್ಲಿ. ಮ್ಯಾಗ್ದಿ ಜಿಲ್ಲೆಯ ನಾಂಗಿ ಅನ್ನೋ ಬೆಟ್ಟದ ಹಳ್ಳಿಯ ಶಿಕ್ಷಕ ಮಹಾಬೀರ್ ಪುನ್ ಅವರು 2001ರಲ್ಲಿ ತಮ್ಮ ಶಾಲೆಗೆ ಇಂಟರ್ನೆಟ್ ತರೋದು ಹೇಗೆ ಅಂತ ಬಿಬಿಸಿಗೆ ಬರೆದರು. ಸ್ವಯಂಸೇವಕರು ಬಂದರು. ಪೋಖರಾ ಪಟ್ಟಣದಿಂದ ನಡುವಿನ ಗುಡ್ಡದ ತುದಿಗೆ, ಅಲ್ಲಿಂದ ಹಳ್ಳಿಗೆ ವೈ-ಫೈ ಹಾರಿಸಬೇಕು. ಅದು ಮಾವೋವಾದಿಗಳ ಸಂಘರ್ಷದ ಕಾಲ, ಟವರ್ ಕಟ್ಟಲು ದುಡ್ಡೂ ಇಲ್ಲ. ಎತ್ತರದ ಮರಗಳ ತುದಿಗೇ ಆಂಟೆನಾ ಕಟ್ಟಿದರು! ಗಂಗಾ ಬಯಲಲ್ಲಿ ಅಡ್ಡಿಯಾಗಿದ್ದ ಮರ ಇಲ್ಲಿ ಕಂಬ ಆಯ್ತು. ಸಾಮಾನು ಊರವರ ಬೆನ್ನ ಮೇಲೆ ಬೆಟ್ಟ ಹತ್ತಿತು. ಇಲ್ಲಿ ಬೆಲೆ ತೆತ್ತವರೂ ಊರವರೇ, ಆದರೆ ಸಿಗ್ನಲ್ ಬಂದದ್ದೂ ಅವರ ಮನೆಗೇ. 2007ರಲ್ಲಿ ಪುನ್ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಕಂಬ ನಿಂತ ಮಾತ್ರಕ್ಕೆ ಕಥೆ ಮುಗಿಯೋದಿಲ್ಲ ಅನ್ನೋದಕ್ಕೆ ತಮಿಳುನಾಡಿನ ಅರವಿಂದ್ ಕಣ್ಣಾಸ್ಪತ್ರೆಯ ಉದಾಹರಣೆ ಇದೆ. ಥೇಣಿ ಸುತ್ತಲಿನ ಹಳ್ಳಿಗಳ ಕಣ್ಣಿನ ಕೇಂದ್ರಗಳಿಂದ ರೋಗಿ ವೀಡಿಯೋದಲ್ಲೇ ಪಟ್ಟಣದ ಡಾಕ್ಟರ ಹತ್ತಿರ ಮಾತಾಡೋ ವೈ-ಫೈ ಜಾಲವನ್ನು ಬರ್ಕ್ಲಿ ವಿಶ್ವವಿದ್ಯಾಲಯದ ತಂಡ ಕಟ್ಟಿತು. ವರ್ಷಗಳ ಅನುಭವವನ್ನು ಅವರು 2008ರಲ್ಲಿ ಬರೆದಾಗ ಮುಖ್ಯ ಶತ್ರು ಅಂತ ಎತ್ತಿ ತೋರಿಸಿದ್ದು ರೇಡಿಯೋ ಅಲೆಯನ್ನಲ್ಲ, ಕರೆಂಟನ್ನು. ಏರುಪೇರಾಗುವ ವೋಲ್ಟೇಜಿಗೆ ಸಾಮಾನು ಸುಟ್ಟುಹೋಗುತ್ತಿತ್ತು. ಅಂದರೆ ಜಾಗ ಸಿದ್ಧ ಮಾಡೋದು ಕಂಬದ ಬುಡದಲ್ಲಿ ನಿಲ್ಲೋದಿಲ್ಲ, ಗೋಡೆಯ ಪ್ಲಗ್ ಪಾಯಿಂಟ್ ತನಕ ಹೋಗುತ್ತೆ.

ಇಷ್ಟೆಲ್ಲ ಓದಿದ ಮೇಲೆ ಆ ಒಣ ಪಟ್ಟಿ ನನಗೆ ಒಣ ಅನ್ನಿಸುತ್ತಿಲ್ಲ. ಕಂಬವನ್ನು ಎತ್ತರದ ಎರಡು ಹಂತದಲ್ಲಾದರೂ, ಮೂರು ದಿಕ್ಕಿಗಾದರೂ ತಂತಿಯಿಂದ ಎಳೆದು ಕಟ್ಟು ಅಂದಾಗ ಪೋಲ್ದೂವಿನ 20 ಕಂಬ ನೆನಪಾಗುತ್ತೆ. ರೇಡಿಯೋವನ್ನೇ ಕಂಬದ ಮೇಲಿನ ಡಬ್ಬಿಯಲ್ಲಿಡು ಅನ್ನೋದಕ್ಕೆ ಕಾರಣ, ದಪ್ಪನೆಯ ಒಳ್ಳೆ ಕೇಬಲ್ಲಾದರೂ 30 ಮೀಟರ್ ಇಳಿಯುವಷ್ಟರಲ್ಲಿ ಶಕ್ತಿಯ ಮುಕ್ಕಾಲು ಪಾಲು ನುಂಗಿಬಿಡುತ್ತೆ. ಕೇಬಲ್ ಡಬ್ಬಿಯೊಳಗೆ ಹೋಗುವ ಮುಂಚೆ ಕೆಳಕ್ಕೊಂದು ಬಳುಕು ಕೊಟ್ಟರೆ ಮಳೆನೀರು ಒಳಗೆ ಹರಿಯದೆ ಅಲ್ಲೇ ತೊಟ್ಟಿಕ್ಕುತ್ತೆ. ಊರಲ್ಲೇ ಎತ್ತರದ ಲೋಹದ ವಸ್ತು ನಿಲ್ಲಿಸಿದ ಮೇಲೆ ಸಿಡಿಲಿಗೆ ಭೂಮಿಯ ದಾರಿ ತೋರಿಸಲೇಬೇಕು, ಇಲ್ಲದಿದ್ದರೆ ಅದು ಮನೆಯೊಳಗಿನ ದಾರಿ ಹುಡುಕುತ್ತೆ. ಮತ್ತೆ ಮರಗಳು ಬೆಳೀತಾವೆ! ಎಲೆ ಉದುರಿದ ಬೇಸಿಗೆಯಲ್ಲಿ ಅಳೆದು ಹಾಕಿದ ಕೊಂಡಿ, ಮಳೆಗಾಲದಲ್ಲಿ ಎಲೆ ತುಂಬಿ ನೀರು ಹಿಡಿದಾಗ ಸೊರಗುತ್ತೆ. ಇವತ್ತಿನ ಮರದ ಎತ್ತರ ಅಲ್ಲ, ಇನ್ನೈದು ವರ್ಷದ ಮೇಲಿನ ಎತ್ತರ ಲೆಕ್ಕಕ್ಕೆ ಹಿಡಿಯಬೇಕು.

ಪಟ್ಟಿಯ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತೆ: "ಜಾಗದ ಮಾಲೀಕರ ಒಪ್ಪಿಗೆ ಪಡೆಯಿರಿ". ನನ್ನ ಕೇಳಿದರೆ ಅದು ಮೊದಲ ಸಾಲಾಗಬೇಕು, ಮತ್ತು ಮಾಲೀಕರು ಅಂದರೆ ಕಂಬ ನಿಲ್ಲುವ ಮಾಡಿನವರು ಮಾತ್ರ ಅಲ್ಲ, ಆ ಗೀಟು ಹಾದುಹೋಗುವ ದಾರಿಯಲ್ಲಿ ಮರ ಇಟ್ಟುಕೊಂಡವರೂ ಹೌದು. ಎವರೆಸ್ಟ್ ಕಟ್ಟಿಸಿದ ಗೋಪುರಗಳ ಹೆಸರು ಚರಿತ್ರೆಯಲ್ಲಿ ಉಳೀತು, ಕಡಿದ ಮರದ ಮಾಲೀಕನ ಹೆಸರು ಎಲ್ಲೂ ಇಲ್ಲ.

ನಿಮ್ಮೂರಿನ ಗುಡ್ಡದ ಮೇಲೋ, ಶಾಲೆ ಮಾಡಿನ ಮೇಲೋ ಇಂಥ ಹಳೇ ಗ್ರಿಡ್ ಆಂಟೆನಾ ಇದ್ದರೆ, ಅದನ್ನು ಕೂರಿಸುವಾಗ ಯಾರ ತೋಟದ ಮರ ಚರ್ಚೆಗೆ ಬಂದಿತ್ತು, ಕೊನೆಗೆ ಕಂಬ ಏರಿತೋ ಮರ ಉರುಳಿತೋ... ಗೊತ್ತಿದ್ದವರು ಬರೀರಿ, ಓದೋಕೆ ಕಾಯ್ತಿರ್ತೀನಿ.